ಜಪ್ತಿಯಾಗದ ತಪ್ಪಲೆ

ಊರಿಗೆ ಹೋಗಿ ಬಂದ ಮುರಿಗೆಪ್ಪ ಗುರುಗಳ ಮುಂದೆ ಕುಳಿತು ಕೇಳಿದ:

“ಗುರುಗಳೇ, ನನ್ನ ಅಣ್ಣನ ಎಣ್ಣೆ ಗಿರಣಿ ಮುಳುಗಿತು. ದಿವಾಳಿ ಎಂದು ಸಾರಬೇಕೆಂದು ಅವನೇ ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಗಿರಣಿ ಹೋಗುತ್ತದೆ, ಹೊಲ ಹೋಗುತ್ತದೆ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಅತ್ತಿಗೆಯ ಕೊರಳ ತಾಳಿ, ಇವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ ಎಂದು ವಕೀಲರು ಹೇಳಿದ್ದಾರಂತೆ. ಸಾಲ ತೀರಿಸದೆ ಪಾತ್ರೆ ಇಟ್ಟುಕೊಂಡು ಉಣ್ಣುವುದು ಸರಿಯೇ ಎಂದು ಅಣ್ಣ ಕೇಳಿ ಕಳಿಸಿದ್ದಾನೆ. ಕಾನೂನು ಬಿಟ್ಟುಕೊಟ್ಟದ್ದನ್ನು ಇಟ್ಟುಕೊಂಡರೆ ಪಾಪ ಬರುತ್ತದೆಯೇ?”

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಒಣಮೆಣಸಿನಕಾಯಿ ಅವನ ವ್ಯಾಪಾರ. ತಂದೆಯಿಂದ ಬಂದ ಮಳಿಗೆಯಿತ್ತು, ತಾನೇ ಕಟ್ಟಿಸಿದ ಗೋದಾಮಿತ್ತು; ವಾಸ ಮಾತ್ರ ಬಾಡಿಗೆ ಮನೆಯಲ್ಲಿ. ತೂಕದಲ್ಲಿ ಮೋಸ ಮಾಡುವವನಲ್ಲ. ಚೀಲದ ಬಾಯಲ್ಲಿ ಒಳ್ಳೆಯ ಕಾಯಿ ಇಟ್ಟು ತಳದಲ್ಲಿ ಕೆಟ್ಟದ್ದನ್ನು ತುಂಬುವವನಲ್ಲ. ಪೇಟೆಯಲ್ಲಿ ಅವನ ಮಾತಿಗೆ ಬೆಲೆಯಿತ್ತು. ಆ ಬೆಲೆ ಅವನಿಗೂ ಗೊತ್ತಿತ್ತು.

ಅವನ ಅಂಗಳಕ್ಕೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೆಂಗಸರು ಬರುತ್ತಿದ್ದರು. ಮೂಗಿಗೆ ಸೆರಗು ಕಟ್ಟಿಕೊಂಡು ಹೊತ್ತು ಮುಳುಗುವವರೆಗೆ ರಾಶಿಯ ಸುತ್ತ ಕೂರುತ್ತಿದ್ದರು. ಸಂಜೆ ಮನೆಗೆ ಹೋದ ಮೇಲೂ ಆ ಕೈಯಿಂದ ಕೂಸನ್ನು ಮುಟ್ಟುತ್ತಿರಲಿಲ್ಲ; ಅಷ್ಟು ಉರಿ. ವಾರದ ಕೂಲಿ ಬಟವಾಡೆಯಲ್ಲಿ ಕೆಲವರು ಸಂತೆಗೆ ಬೇಕಾದಷ್ಟನ್ನು ಮಾತ್ರ ಪಡೆದು ಉಳಿದದ್ದನ್ನು ಅವನ ಬಳಿಯೇ ಬಿಡುತ್ತಿದ್ದರು. ಮನೆಗೆ ಒಯ್ದರೆ ಅದು ಗಂಡಂದಿರ ಕೈ ಸೇರಿ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ಬಿಡಿ ಎಂದು ವರ್ತಕ ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಯಾರು ಯಾವಾಗ ಬಂದು ಕೇಳಿದರೂ ಮರುಮಾತಿಲ್ಲದೆ ಕೊಡುತ್ತಿದ್ದ. ಕೇಳದವರ ಹಣ ಅವನ ಹಣದ ಜೊತೆ ಸೇರಿ ವ್ಯಾಪಾರದಲ್ಲಿ ಓಡಾಡುತ್ತಿತ್ತು.

ಹಾಗೆ ಬಿಡುತ್ತಿದ್ದವರಲ್ಲಿ ಫಕೀರವ್ವ ಎಂಬವಳು ಒಬ್ಬಳು. ಅವಳಿಗೆ ಗಂಡನಿರಲಿಲ್ಲ. ಬೀಗವಿಲ್ಲದ ಮನೆಯಿತ್ತು, ದ್ಯಾಮವ್ವ ಎಂಬ ಮಗಳಿದ್ದಳು. ಮಗಳ ಮದುವೆಗೆಂದು ಅವಳು ಬಿಟ್ಟದ್ದು ವರ್ಷ ವರ್ಷಕ್ಕೆ ಬೆಳೆದಿತ್ತು. ಎಷ್ಟಾಯಿತೆಂದು ಅವಳು ಒಮ್ಮೆಯೂ ವಿಚಾರಿಸಲಿಲ್ಲ. ಇದನ್ನು ವರ್ತಕ ಹೆಂಡತಿಯ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಒಂದು ವರ್ಷ ಅವನು ಶಕ್ತಿ ಮೀರಿ ಮಾಲು ಕೊಂಡ. ದರ ಏರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಏರಲಿಲ್ಲ. ಇಳಿದ ದರಕ್ಕೆ ಮಾರಲು ಮನಸ್ಸು ಬರದೆ ಮಾಲನ್ನು ಹಿಡಿದಿಟ್ಟ. ಹಿಡಿದಿಡಲು ಮತ್ತೆ ಸಾಲ ಮಾಡಿದ. ಅಕಾಲದ ಮಳೆ ಬಂತು. ಗೋದಾಮಿನ ಗೋಡೆ ತೇವ ಹೀರಿತು. ಚೀಲ ಬಿಚ್ಚಿ ನೋಡಿದಾಗ ಕಾಯಿಯ ಬಣ್ಣ ಹೋಗಿ ಬೂಷ್ಟು ಹಿಡಿದಿತ್ತು. ಅವನು ಒಂದು ಕಾಯಿಯನ್ನು ಕೈಗೆ ತೆಗೆದುಕೊಂಡು ಮುರಿದ. ಅದು ಮುರಿಯುವ ಸದ್ದೂ ಮಾಡಲಿಲ್ಲ.

ಸಾಲ ಕೊಟ್ಟವರು ಬರತೊಡಗಿದರು. ಮೊದಲು ಮಳಿಗೆಗೆ ಬಂದರು, ಆಮೇಲೆ ಮನೆಗೆ ಬಂದರು. ವರ್ತಕ ಹಿತ್ತಲಿನಲ್ಲಿ ಕುಳಿತು ಹೆಂಡತಿಯಿಂದ ‘ಮನೆಯಲ್ಲಿ ಇಲ್ಲ’ ಎಂದು ಹೇಳಿಸಿದ. ಹಾಗೆ ಹೇಳಿಸಿದ ಮರುದಿನ ತನಗೇ ತಡೆಯಲಾಗದೆ ವಕೀಲನ ಬಳಿಗೆ ಹೋದ.

ವಕೀಲ ಎಲ್ಲವನ್ನೂ ಕೇಳಿ ಹೇಳಿದ: “ದಿವಾಳಿ ಅರ್ಜಿ ಹಾಕೋಣ. ಇದ್ದದ್ದನ್ನೆಲ್ಲ ಕೋರ್ಟಿಗೆ ಒಪ್ಪಿಸಿ. ಏನನ್ನೂ ಮುಚ್ಚಿಡಬೇಡಿ. ಕಾನೂನು ಮನುಷ್ಯನನ್ನು ಬರಿಮೈ ಮಾಡಿ ಬೀದಿಗೆ ನೂಕುವುದಿಲ್ಲ. ಉಣ್ಣುವ ಪಾತ್ರೆ, ಮಲಗುವ ಹಾಸಿಗೆ, ಉಡುವ ಬಟ್ಟೆ, ನಿಮ್ಮವರ ತಾಳಿ, ಇವು ನಿಮ್ಮವೇ. ಬ್ರಹ್ಮ ಬಂದರೂ ಒಯ್ಯಲಾರ.”

ಮಾಲು ಕೆಟ್ಟಾಗ ವರ್ತಕ ಅತ್ತಿರಲಿಲ್ಲ. ಈ ಮಾತು ಕೇಳಿ ಅತ್ತ.

ಅವನು ಏನನ್ನೂ ಮುಚ್ಚಿಡಲಿಲ್ಲ. ನೆಂಟರ ಮನೆಗೆ ಏನನ್ನೂ ಸಾಗಿಸಲಿಲ್ಲ, ಹಾಗೆ ಮಾಡೆಂದು ಹೇಳಿಕೊಟ್ಟವರಿದ್ದರೂ. ತನ್ನಲ್ಲಿ ಹಣ ಬಿಟ್ಟ ಹೆಂಗಸರ ಹೆಸರುಗಳನ್ನೂ ಕೋರ್ಟಿನಲ್ಲಿ ಹೇಳಿದ. ಅವರ ಬಳಿ ಬರಹವಿದೆಯೇ ಎಂದು ಕೇಳಿದರು. ಇಲ್ಲ, ನನ್ನ ಮಾತೇ ಇದೆ ಎಂದ. ಸಾಲ ಕೊಟ್ಟವರ ಕಡೆಯ ವಕೀಲ ಎದ್ದು, ಇವನು ಕೂಲಿಯವರ ಹೆಸರಿನಲ್ಲಿ ಹಣ ಹೊರಗೆ ಹಾಕಲು ನೋಡುತ್ತಿದ್ದಾನೆ ಎಂದ. ದಿವಾಳಿಯಾದವನ ಮಾತನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೆ ಎಂದು ವರ್ತಕನಿಗೆ ಅವತ್ತು ತಿಳಿಯಿತು.

ಜಪ್ತಿಯ ದಿನ ಕೋರ್ಟಿನ ಅಮೀನ ಮನೆಗೆ ಬಂದ. ತೂಗುಮಂಚ ಬಿಚ್ಚಿಸಿದ. ಗೋಡೆಯ ಗಡಿಯಾರ, ಕಪಾಟು, ಕುರ್ಚಿಗಳು, ಬೆಳ್ಳಿಯ ದೀಪಗಳು ಹೊರಗೆ ಹೋದವು. ಬೀದಿಯಲ್ಲಿ ಜನ ನಿಂತು ನೋಡಿದರು. ಕೊನೆಗೆ ಅಮೀನ ಅಡುಗೆಮನೆಯ ಹೊಸ್ತಿಲಿಗೆ ಬಂದು, ಒಳಗೆ ಕಾಲಿಡದೆ ನಿಂತ.

ವರ್ತಕನ ಹೆಂಡತಿ ಗುರುಬಸವ್ವ ಒಲೆಯ ಮುಂದೆ ಇದ್ದಳು. ತವರಿನಿಂದ ಬಂದ ಹಿತ್ತಾಳೆಯ ದೊಡ್ಡ ತಪ್ಪಲೆಯನ್ನು ಅವಳೇ ಎತ್ತಿ ಮುಂದಿಟ್ಟಳು. ಅದರ ಕಂಠದ ಸುತ್ತ ಅವಳ ಹೆಸರು ಕೊರೆದಿತ್ತು.

“ಇದನ್ನೂ ಬರಕೋರಿ,” ಎಂದಳು.

“ಬ್ಯಾಡವ್ವ,” ಎಂದ ಅಮೀನ. “ಅದು ನಿಮ್ಮ ಅನ್ನದ ಪಾತ್ರಿ. ಒಳಗ ಇಡ್ರಿ.”

ಮನೆ ಬರಿದಾಯಿತು. ಅಡುಗೆಮನೆ ಮಾತ್ರ ಹಿಂದಿದ್ದಂತೆಯೇ ಉಳಿಯಿತು. ಆ ದಿನದಿಂದ ವರ್ತಕ ಅಲ್ಲಿಯೇ ಕೂರತೊಡಗಿದ. ಮೊದಲು ಅವನು ಉಣ್ಣುವ ಹೊತ್ತಿಗಷ್ಟೇ ಅಲ್ಲಿಗೆ ಬರುತ್ತಿದ್ದವನು. ಯಾವ ಪಾತ್ರೆ ಎಲ್ಲಿದೆ ಎಂದು ತಿಳಿಯದವನು. ಈಗ ಒಂದೊಂದನ್ನೂ ತೆಗೆದು, ತಿರುಗಿಸಿ ನೋಡಿ, ಒರೆಸಿ ಇಡುತ್ತಿದ್ದ. ನೆರೆಯವಳು ಕಡಗೋಲು ಕೇಳಲು ಬಂದರೆ, ಅವಳು ಅದನ್ನು ಹಿಂದಕ್ಕೆ ತಂದುಕೊಡುವವರೆಗೆ ಅವನ ಗಮನ ಬಾಗಿಲಲ್ಲೇ ಇರುತ್ತಿತ್ತು. ಗೋದಾಮು ತುಂಬಿದ್ದಾಗ ಬಾರದ ಜೀನತನ ಅವನಿಗೆ ಬರಿಮನೆಯಲ್ಲಿ ಬಂತು.

ಮಳಿಗೆ, ಗೋದಾಮು ಹರಾಜಾದವು. ಒತ್ತೆ ಇಟ್ಟುಕೊಂಡವರು ಮೊದಲು ಪಡೆದರು. ಬರಹವಿದ್ದವರು ಆಮೇಲೆ ಅಷ್ಟಿಷ್ಟು ಪಡೆದರು. ಅಲ್ಲಿಗೆ ಹಂಚುವುದು ಮುಗಿಯಿತು.

ಒಂದು ಬೆಳಿಗ್ಗೆ ಫಕೀರವ್ವ ಅವನ ಮನೆಗೆ ಬಂದಳು. ಮೆಟ್ಟಿಲು ಹತ್ತಲಿಲ್ಲ. ಕೂರು ಎಂದರೂ ಕೂರಲಿಲ್ಲ. ಮಗಳಿಗೆ ಗಂಡು ನಿಶ್ಚಯವಾಗಿದೆ ಎಂದಳು. ಊರು, ಮನೆತನ ಹೇಳಿದಳು. ಆಮೇಲೆ ಕೇಳಿದಳು:

“ನಂದು ಏನರ ಉಳದೈತೇನ್ರಿ, ಸಾವಕಾರ್ರ?”

“ಎಲ್ಲಾ ಕೋರ್ಟಿಗೆ ಹೋತು, ಫಕೀರವ್ವ,” ಎಂದ ವರ್ತಕ. “ನಿನ್ನ ಹೆಸರು ಹೇಳಿದೆ. ಕಾಗದ ಎಲ್ಲೈತಿ ಅಂತ ಕೇಳಿದ್ರು.”

“ಕಾಗದ?” ಎಂದಳು ಅವಳು. ಸ್ವಲ್ಪ ಯೋಚಿಸಿದಳು. “ನೀವಿದ್ರಲ್ರಿ. ಅದಕ್ಕ ಕೇಳಿರಲಿಲ್ಲ.”

ಅವಳು ಬೈಯಲಿಲ್ಲ, ಮಣ್ಣು ತೂರಲಿಲ್ಲ. ಒಳಗಿನಿಂದ ಗುರುಬಸವ್ವ ತಂದ ನೀರು ಕುಡಿದು, ಲೋಟವನ್ನು ಕಟ್ಟೆಯ ಮೇಲಿಟ್ಟು ಹೋದಳು. ಬೈದಿದ್ದರೆ ವರ್ತಕನಿಗೆ ಆ ಮಧ್ಯಾಹ್ನದ ಊಟ ಇಳಿಯುತ್ತಿತ್ತು.

ಕೆಲವು ದಿನಗಳ ಮೇಲೆ ಗುರುಬಸವ್ವ, ತಪ್ಪಲೆಯ ಒಳಗಿನ ಕಲಾಯಿ ಹೋಗಿದೆ, ಹಾಗೆಯೇ ಬೇಯಿಸಿದರೆ ಸಾರು ಕಿಲುಬುತ್ತದೆ ಎಂದಳು. ವರ್ತಕ ಅದನ್ನು ಬಟ್ಟೆಯಲ್ಲಿ ಕಟ್ಟಿ ಕಲಾಯಿಗಾರನ ಅಂಗಡಿಗೆ ಒಯ್ದ. ಕಲಾಯಿಗಾರ ಹಳೆಯ ಪಾತ್ರೆಗಳನ್ನು ಕೊಂಡು ಮಾರುವವನೂ ಆಗಿದ್ದ. ತಪ್ಪಲೆಗೆ ಕಲಾಯಿ ಹಾಕಿ, ಆರಲು ಬದಿಗಿಟ್ಟು, ಅವನು ಒಂದು ಹೊಸ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಉಜ್ಜತೊಡಗಿದ. ಕೊಡದ ಮೇಲೆ ಕೊರೆದ ಅಕ್ಷರಗಳಿದ್ದವು. ಮೊದಲ ಅಕ್ಷರ ಆಗಲೇ ಅಳಿಸಿಹೋಗಿತ್ತು. ಉಳಿದದ್ದನ್ನು ವರ್ತಕ ಓದಿದ: ‘ಮವ್ವ’.

“ಯಾರದು ಇದು?” ಎಂದು ಕೇಳಿದ.

“ಮೆಣಸಿನಕಾಯಿ ತೊಟ್ಟು ಬಿಡಸೂ ಹೆಣಮಗಳದು,” ಎಂದ ಕಲಾಯಿಗಾರ. “ಮಗಳ ಮದಿವಿಗಂತ ಕೂಡಿಸಿಟ್ಟಿದ್ದಳಂತ. ಹೆಸರು ಇದ್ರ ಯಾರೂ ಕೊಳ್ಳೂದಿಲ್ರಿ, ಅದಕ್ಕ ಉಜ್ಜಾಕ ಹತ್ತೀನಿ. ತಾನು ಅಡಗಿ ಮಾಡೂ ತಪ್ಪಲಿನೂ ತಂದಿದ್ಲು. ಒಂದರ ಮನಿಯಾಗ ಇರಲಿ ಬಿಡಬೇ ಅಂದೆ. ಮಣ್ಣಿನ ಗಡಿಗಿ ಐತಿ ಅಂದ್ಲು.”

ಮೂಲೆಯಲ್ಲಿ ಕರಗಿಸಲು ಇಟ್ಟ ಪಾತ್ರೆಗಳ ರಾಶಿಯಿತ್ತು. ಅದರ ಮೇಲೊಂದು ತಪ್ಪಲೆಯಿತ್ತು. ತಳ ಕಪ್ಪು, ಅಂಚಿಗೆ ತಗ್ಗು ಬಿದ್ದದ್ದು. ವರ್ತಕ ಅದನ್ನು ನೋಡಿದ. ತನ್ನ ತಪ್ಪಲೆಯನ್ನು ನೋಡಿದ. ಅದರೊಳಗೆ ಹೊಸ ಕಲಾಯಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ತನ್ನ ಪಾತ್ರೆಗಳನ್ನು ಮುಟ್ಟದಂತೆ ಅಮೀನನನ್ನು ಹೊಸ್ತಿಲಲ್ಲಿ ನಿಲ್ಲಿಸಿದ ಕಾನೂನು ಫಕೀರವ್ವನ ಹೊಸ್ತಿಲಲ್ಲಿ ನಿಂತಿರಲಿಲ್ಲ. ಅವಳ ಮನೆಗೆ ಯಾರೂ ಜಪ್ತಿಗೆ ಹೋಗಿರಲಿಲ್ಲ. ಅವಳೇ ತಲೆಯ ಮೇಲೆ ಹೊತ್ತು ತಂದು ಕೊಟ್ಟಿದ್ದಳು. ಅವಳು ದಿವಾಳಿಯಾದವಳಲ್ಲ. ಯಾರಿಗೂ ಸಾಲ ಕೊಡಬೇಕಾದವಳಲ್ಲ.

ವರ್ತಕ ಕೂಲಿ ಕೊಟ್ಟು, ತಪ್ಪಲೆ ಎತ್ತಿಕೊಂಡು ಮನೆಗೆ ಬಂದ. ಕಂಡದ್ದನ್ನು ಹೆಂಡತಿಗೆ ಹೇಳಿದ. ಈ ತಪ್ಪಲೆಯನ್ನು ಫಕೀರವ್ವನಿಗೆ ಕೊಟ್ಟು ಬರುತ್ತೇನೆ ಎಂದ.

ಗುರುಬಸವ್ವ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

“ಕೋರ್ಟ್ ಬಿಟ್ಟಿದ್ದನ್ನೂ ನೀವು ಬಿಡಾಕ ಹೊಂಟೀರಿ,” ಎಂದಳು. “ಮಳಿಗಿ ನಿಮ್ದಿತ್ತು, ಕಳಕೊಂಡ್ರಿ. ಗೋದಾಮು ನಿಮ್ದಿತ್ತು, ಕಳಕೊಂಡ್ರಿ. ಇದು ನಮ್ಮವ್ವ ಕೊಟ್ಟಿದ್ದು. ನಾನು ಯಾರ ದುಡ್ಡು ಇಟಗೊಂಡಿದ್ನಿ?”

ಅವಳ ಮಾತು ನಿಜವಾಗಿತ್ತು. ವರ್ತಕ ತಪ್ಪಲೆಯನ್ನು ಒಲೆಯ ಪಕ್ಕದಲ್ಲಿಟ್ಟು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಒಳಗೆ ಅವಳು ಸಣ್ಣ ಪಾತ್ರೆಯಲ್ಲಿ ಎರಡು ಸಲ ಅನ್ನ ಮಾಡಿ ಮಕ್ಕಳಿಗೆ ಬಡಿಸಿದಳು. ದೊಡ್ಡ ತಪ್ಪಲೆಯನ್ನು ಒಲೆಯ ಮೇಲಿಡಲಿಲ್ಲ. ಊಟವಾದ ಮೇಲೆ ಅದನ್ನು ತಂದು ಅವನ ಪಕ್ಕದಲ್ಲಿಟ್ಟಳು.

“ಒಯ್ರಿ,” ಎಂದಳು. “ಆದ್ರ ನೀವು ಕೊಟ್ಟಿದ್ದು ಅಂತ ಹೇಳಬ್ಯಾಡ್ರಿ. ಕೊಟ್ಟಾಕಿ ನಾನು.”

ಫಕೀರವ್ವನ ಮನೆ ಹುಡುಕುವುದು ವರ್ತಕನಿಗೆ ಕಷ್ಟವಾಯಿತು. ಅವಳು ಅವನ ಅಂಗಳಕ್ಕೆ ದಿನವೂ ಬಂದವಳು. ಅವನು ಅವಳ ಓಣಿಗೆ ಎಂದೂ ಹೋಗಿರಲಿಲ್ಲ. ಕೇಳುತ್ತ ಹೋದ. ಕೈಯಲ್ಲಿ ತಪ್ಪಲೆ ಹಿಡಿದ ಸಾವಕಾರನನ್ನು ನೋಡಿ ಓಣಿಯ ಜನ ಬಾಗಿಲಿಗೆ ಬಂದು ನಿಂತರು.

ಫಕೀರವ್ವ ಹೊರಗೆ ಬಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ವರ್ತಕ ತಪ್ಪಲೆಯನ್ನು ಅವಳ ಮುಂದೆ ಇಟ್ಟ. ಗುರುಬಸವ್ವ ಕೊಟ್ಟು ಕಳಿಸಿದ್ದಾಳೆ, ಇಟ್ಟುಕೊ, ಬೇಕಾದರೆ ಮಾರಿಕೊ ಎಂದ. ಇದರಿಂದ ನಿನ್ನ ಹಣ ತೀರುವುದಿಲ್ಲ ಎಂದು ನನಗೆ ಗೊತ್ತು ಎಂದೂ ಹೇಳಿದ.

ಅವಳು ಬಗ್ಗಿ ನೋಡಿದಳು. ಕಂಠದ ಸುತ್ತ ಕೊರೆದ ಹೆಸರಿನ ಮೇಲೆ ಬೆರಳಾಡಿಸಿದಳು. ಓದು ಬಾರದಿದ್ದರೂ ಅದು ಹೆಸರು ಎಂದು ಅವಳಿಗೆ ತಿಳಿದಿತ್ತು. ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಕ್ಕಾರ ಹೆಸರು ಐತಿ ಇದರ ಮ್ಯಾಲ,” ಎಂದಳು. “ಇಂಥಾದ್ದು ನನ್ನ ಮನಿಯಾಗ ಹೆಂಗ ಬಂತು ಅಂತ ನಾಳೆ ಯಾರರ ಕೇಳಿದ್ರ ಏನ್ ಹೇಳ್ಲಿ?”

“ನಾನ ಬಂದು ಹೇಳ್ತೀನಿ, ಫಕೀರವ್ವ. ನಮ್ಮ ಮನಿಯಿಂದ ಕೊಟ್ಟಿದ್ದು ಅಂತ.”

ಅವಳು ನೆಲ ನೋಡುತ್ತ ಹೇಳಿದಳು:

“ತಪ್ಪು ತಿಳಕೋಬ್ಯಾಡ್ರಿ, ಸಾವಕಾರ್ರ. ಒಂದು ಕಾಗದ ಬರದು ಕೊಡ್ರಿ.”

ಯಾರೋ ಒಳಗಿನಿಂದ ಕಾಗದ ತಂದರು, ಇನ್ನಾರೋ ಪೆನ್ನು ತಂದರು. ವರ್ತಕ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ಕಾಗದವಿಟ್ಟುಕೊಂಡು ಬರೆದ. ಜೀವನದಲ್ಲಿ ಅವನು ಎಷ್ಟೋ ಕಾಗದಗಳಿಗೆ ರುಜು ಹಾಕಿದ್ದ. ತೊಟ್ಟು ಬಿಡಿಸುವ ಹೆಂಗಸರಿಗೆ ಒಂದನ್ನೂ ಬರೆದು ಕೊಟ್ಟಿರಲಿಲ್ಲ. ಈ ತಪ್ಪಲೆ ನನ್ನ ಹೆಂಡತಿ ಗುರುಬಸವ್ವನದು, ಅವಳೇ ಒಪ್ಪಿ ಫಕೀರವ್ವನಿಗೆ ಕೊಟ್ಟದ್ದು ಎಂದು ಬರೆದು ಹೆಸರು ಹಾಕಿದ.

ಫಕೀರವ್ವ ಆ ಕಾಗದವನ್ನು ಮಗಳ ಕೈಗೆ ಕೊಟ್ಟಳು. ದ್ಯಾಮವ್ವ ಕೆಲವು ವರ್ಷ ಶಾಲೆಗೆ ಹೋದವಳು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿದ ಮೇಲೆ ತಾಯಿ, “ಇನ್ನೊಮ್ಮೆ ಓದವ್ವ,” ಎಂದಳು.

ವರ್ತಕ ನಿಂತು ಕೇಳಿದ. ವರ್ಷಗಟ್ಟಲೆ ಒಂದು ಅಕ್ಷರವನ್ನೂ ಕೇಳದೆ ತನ್ನ ಬೆವರನ್ನು ಅವನ ಕೈಗೆ ಸುರಿದವಳು, ಈಗ ಅವನ ಮಾತನ್ನು ಎರಡು ಸಲ ಓದಿಸಿ ನೋಡುತ್ತಿದ್ದಳು. ಅದರಲ್ಲಿ ಸಿಟ್ಟಿರಲಿಲ್ಲ. ಹಗೆಯಿರಲಿಲ್ಲ. ಹಾದಿಯಲ್ಲಿ ಒಮ್ಮೆ ಎಡವಿದವರು ನೋಡಿ ಕಾಲಿಡುವ ಹಾಗೆ ಇತ್ತು.

ಓದು ಮುಗಿದ ಮೇಲೆ ಅವಳು ಕಾಗದವನ್ನು ಮಡಿಸಿ ಸೊಂಟದ ಚೀಲದಲ್ಲಿಟ್ಟುಕೊಂಡಳು. ಆಮೇಲೆ ತಪ್ಪಲೆಯನ್ನು ಮುಟ್ಟಿದಳು.

ಮದುವೆ ಹೇಗೋ ನಡೆಯಿತು. ಬೀಗರು ಕೇಳಿದ್ದನ್ನು ಕೊಡಲಾಗಲಿಲ್ಲ; ಮಗಳನ್ನು ಬರಿಗೈಯಲ್ಲಿ ಕಳಿಸಿದರು ಎಂಬ ಮಾತನ್ನು ದ್ಯಾಮವ್ವ ಬಹಳ ಕಾಲ ಕೇಳಬೇಕಾಯಿತು. ಫಕೀರವ್ವ ಬೇರೊಬ್ಬ ವರ್ತಕನ ಅಂಗಳಕ್ಕೆ ತೊಟ್ಟು ಬಿಡಿಸಲು ಹೋದಳು. ಬಟವಾಡೆಯ ದಿನ ಪೂರ್ತಿ ಹಣ ಪಡೆದು ಬೀಗವಿಲ್ಲದ ಮನೆಗೆ ಒಯ್ದಳು. ಉಳಿದ ಹೆಂಗಸರೂ ಹಾಗೆಯೇ ಮಾಡಿದರು. ಕೆಲವರ ಗಂಡಂದಿರು ಅದನ್ನು ಕುಡಿದರು.

ಎಷ್ಟೋ ಕಾಲದ ಮೇಲೆ ಕೋರ್ಟು ವರ್ತಕನನ್ನು ಸಾಲಗಳಿಂದ ಬಿಡುಗಡೆ ಮಾಡಿತು. “ಇನ್ನು ನೀವು ಯಾರಿಗೂ ಏನೂ ಕೊಡಬೇಕಾಗಿಲ್ಲ,” ಎಂದು ವಕೀಲ ಸಂತೋಷದಿಂದ ಹೇಳಿದ. ಕೋರ್ಟಿನಿಂದ ಮನೆಗೆ ಬರುವ ನೇರ ದಾರಿ ಮೆಣಸಿನಕಾಯಿಯ ಅಂಗಳಗಳನ್ನು ಹಾದು ಬರುತ್ತಿತ್ತು. ವರ್ತಕ ಕೆರೆಯ ಕಡೆಯಿಂದ ಸುತ್ತಿ ಬಂದ. ಆಮೇಲೂ ಅವನು ಬಹಳ ವರ್ಷ ಬದುಕಿದ. ಒಂದು ಕಿರಾಣಿ ಅಂಗಡಿಯಲ್ಲಿ ಕೂಲಿಗೆ ತೂಗುವ ಕೆಲಸ ಮಾಡಿದ. ಉಳಿದ ಪಾತ್ರೆಗಳಲ್ಲೇ ಗುರುಬಸವ್ವ ಅನ್ನ ಮಾಡಿದಳು, ಮಕ್ಕಳು ಉಂಡು ಬೆಳೆದರು. ಅವನೂ ಉಂಡ. ಆದರೆ ಅನ್ನಕ್ಕೆ ಕೈ ಹಾಕುವ ಮುಂಚೆ ಅವನು ಸ್ವಲ್ಪ ಹೊತ್ತು ತಡೆಯುತ್ತಿದ್ದ. ಮಕ್ಕಳು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪ ಕೇಳಿದ: “ಹಾಗಾದರೆ ಅಣ್ಣ ಪಾತ್ರೆಗಳನ್ನು ಬಿಟ್ಟುಬಿಡಬೇಕೇ, ಗುರುಗಳೇ? ಅತ್ತಿಗೆ, ಮಕ್ಕಳು ಯಾವುದರಲ್ಲಿ ಉಣ್ಣಬೇಕು?”

“ಇಟ್ಟುಕೊಳ್ಳಲಿ; ಆದರೆ ಕಾಗದ ಕೇಳದೆ ನಿನ್ನ ಅಣ್ಣನನ್ನು ನಂಬಿದವರು ಇವತ್ತು ಯಾವುದರಲ್ಲಿ ಬೇಯಿಸಿದರು ಎಂದು ಮೊದಲು ನೋಡಿ ಬರಲಿ,” ಎಂದರು ಗುರುಗಳು.